ಕಾರ್ ಮೇಲೆಲ್ಲ ಸ್ಪ್ರೇ ಪೇಂಟ್ ಹನಿ ಕೂತಿದೆ, ಥಿನ್ನರ್ ಹಾಕಿ ಒರೆಸ್ಲಾ, ಇಲ್ಲಾ ರೀಪೇಂಟೇ ಗತಿನಾ?

ಪ್ರಶ್ನೆ: ಸರ್, ಪಕ್ಕದ ಬಿಲ್ಡಿಂಗ್‌ನವರು ಕಬ್ಬಿಣದ ಗೇಟು ಗ್ರಿಲ್ಲಿಗೆಲ್ಲ ಸ್ಪ್ರೇ ಗನ್‌ನಲ್ಲಿ ಪೇಂಟ್ ಹೊಡೆಸಿದ್ರು, ನನ್ನ ಕಾರ್ ಗೋಡೆ ಈಚೆ ನಿಂತಿತ್ತು. ಕಡುನೀಲಿ ಬಣ್ಣ, ಆರು ವರ್ಷ ಹಳೇ ಗಾಡಿ. ನಾಲ್ಕು ದಿನ ಆದ್ಮೇಲೆ ನೋಡ್ತೀನಿ, ರೂಫು, ಬಾನೆಟ್ಟು, ಎಡಗಡೆ ಎರಡೂ ಡೋರು, ಮುಂದಿನ ಗ್ಲಾಸು, ಹೆಡ್‌ಲೈಟು, ಕೆಳಗಿನ ಕಪ್ಪು ಪ್ಲಾಸ್ಟಿಕ್, ರಬ್ಬರ್ ಬೀಡಿಂಗು, ಎಲ್ಲದರ ಮೇಲೂ ಸಣ್ಣ ಸಣ್ಣ ಬೂದು ಚುಕ್ಕಿ. ದೂರದಿಂದ ಅಷ್ಟಾಗಿ ಕಾಣಲ್ಲ, ಕೈ ಆಡಿಸಿದ್ರೆ ಮರಳು ಕಾಗದದ ತರ ಚರಚರ ಅನ್ನುತ್ತೆ. ಬಾನೆಟ್ ಮೇಲೆ ಸ್ವಲ್ಪ ರಬ್ಬಿಂಗ್ ಕಾಂಪೌಂಡ್ ಹಾಕಿ ಉಜ್ಜಿ ನೋಡ್ದೆ, ಚುಕ್ಕಿ ಹೋಗ್ಲಿಲ್ಲ. ಅದನ್ನೇ ಕಪ್ಪು ಪ್ಲಾಸ್ಟಿಕ್ಕಿಗೂ ಹಾಕ್ದೆ, ಅದು ಬೆಳ್ಳಗಾಗಿ ಕೂತಿದೆ. ಫ್ರೆಂಡ್ ಪೆಟ್ರೋಲ್ ಅಂತಾನೆ, ಮೆಕ್ಯಾನಿಕ್ ಥಿನ್ನರ್ ಅಂತಾರೆ, ಪೇಂಟಿಂಗ್ ಶಾಪ್‌ನವರು ರೂಫು, ಬಾನೆಟ್ಟು, ಎಡಗಡೆ ಪೂರ್ತಿ ರೀಪೇಂಟ್ ಮಾಡ್ಬೇಕು ಅಂತಾರೆ. ಎಡಗಡೆ ಹಿಂದಿನ ಡೋರ್ ಹೋದ ವರ್ಷ ಹೊರಗಡೆ ಗ್ಯಾರೇಜಲ್ಲಿ ಪೇಂಟ್ ಆಗಿದೆ. ಗೇಟಿಗೆ ಇನ್ನೂ ಒಂದು ಕೋಟ್ ಬಾಕಿ ಇದೆಯಂತೆ. ಮನೇಲೇ ಏನಾದ್ರೂ ಮಾಡ್ಕೋಬಹುದಾ?

ಉತ್ತರ: ಮಾಡ್ಕೋಬಹುದು. ನೀವು ಬರೆದಿರೋ ಲಕ್ಷಣ ನೋಡಿದ್ರೆ ಬಹುಪಾಲು ಮನೇಲೇ ಹೋಗುತ್ತೆ, ರೀಪೇಂಟ್ ಮಾತು ಈಗ್ಲೇ ಬೇಡ. ಮೂರು ಜನ ಮೂರು ಸಲಹೆ ಕೊಟ್ಟಿದಾರಲ್ಲ, ಮೂವರೂ ಯಾವ ದ್ರಾವಣ ಸ್ಟ್ರಾಂಗು, ಯಾವ ಕೆಲಸ ದೊಡ್ಡದು ಅನ್ನೋದನ್ನ ಮಾತ್ರ ಹೇಳಿದಾರೆ. ಬಿದ್ದಿರೋದು ಯಾವ ಪೇಂಟು, ಅದು ಯಾವುದರ ಮೇಲೆ ಬಿದ್ದಿದೆ ಅನ್ನೋದನ್ನ ಯಾರೂ ಕೇಳಿಲ್ಲ, ಆದ್ರೆ ಇಡೀ ವಿಷಯ ನಿಂತಿರೋದೇ ಅದರ ಮೇಲೆ. ಇದೇ ಕೆಲಸದಲ್ಲಿ ಇರೋನಾಗಿ ಹೇಳೋದಾದ್ರೆ, ಓವರ್‌ಸ್ಪ್ರೇಯಿಂದ, ಅಂದ್ರೆ ಹೀಗೆ ಗುರಿ ತಪ್ಪಿ ತೇಲಿ ಬಂದ ಪೇಂಟಿಂದ, ಹಾಳಾಗಿ ಬಂದ ಕಾರಿಗಿಂತ ಓವರ್‌ಸ್ಪ್ರೇ ತೆಗೆಯೋಕೆ ಹೋಗಿ ಹಾಳಾಗಿ ಬಂದ ಕಾರುಗಳೇ ಜಾಸ್ತಿ.

ಎಲ್ಲಕ್ಕಿಂತ ಮೊದಲು, ಇನ್ನೊಂದು ಕೋಟ್ ಬಾಕಿ ಇದೆ ಅಂದ್ರಲ್ಲ, ಅದು ಮುಗಿಯೋ ತನಕ ಕಾರನ್ನ ಅಲ್ಲಿಂದ ಬೇರೆ ಕಡೆ ನಿಲ್ಲಿಸಿ. ಕವರ್ ಹಾಕಿದ್ರೆ ಸಾಕಲ್ವಾ ಅಂತ ಕೇಳ್ತೀರ. ಈಗ ಮೈಮೇಲೆ ಗಟ್ಟಿ ಚುಕ್ಕಿಗಳಿವೆ, ಧೂಳೂ ಇದೆ, ಅದರ ಮೇಲೆ ಬಟ್ಟೆ ಕವರ್ ಎಳೆದು ಗಾಳಿಗೆ ಅದು ಅಲ್ಲಾಡ್ತಾ ಇದ್ರೆ ಗೀರು ಬೀಳೋದು ಗ್ಯಾರಂಟಿ. ಗಾಡಿ ಎತ್ತೋಕೇ ಆಗಲ್ಲ ಅನ್ನೋ ಪರಿಸ್ಥಿತಿ ಇದ್ರೆ ಮಾತ್ರ ತೆಳು ಪ್ಲಾಸ್ಟಿಕ್ ಶೀಟ್ ಹೊದಿಸಿ ಅಂಚಿಗೆ ಮಾಸ್ಕಿಂಗ್ ಟೇಪ್ ಹಾಕಿ, ಗನ್ ನಿಲ್ಲಿಸಿದ ಕೂಡ್ಲೇ ತೆಗೀರಿ. ಜೊತೆಗೆ ಏನೇ ಕೈ ಹಚ್ಚೋ ಮುಂಚೆ ಹಗಲು ಬೆಳಕಲ್ಲಿ ಫೋಟೋ ವೀಡಿಯೋ ತೆಗೆದಿಟ್ಕೊಳ್ಳಿ, ಹತ್ತಿರದಿಂದ ಒಂದಷ್ಟು, ಹಿಂದೆ ಆ ಗೇಟೂ ಕಾಣೋ ಹಾಗೆ ಒಂದಷ್ಟು. ಆ ಪೇಂಟ್ ಡಬ್ಬಿ ಮೇಲಿನ ಲೇಬಲ್‌ದೂ ಒಂದು ಫೋಟೋ. ಅದು ಯಾಕೆ ಅಂತ ಆಮೇಲೆ ಹೇಳ್ತೀನಿ.

ಈಗ ಆ ಚುಕ್ಕಿ ಅಂದ್ರೆ ಏನು ಅಂತ ನೋಡೋಣ. ಗನ್ನು ಪೇಂಟನ್ನ ಮಂಜಿನ ಹಾಗೆ ಒಡೆದು ತೂರುತ್ತೆ, ಆದ್ರೆ ಅಷ್ಟೂ ಗೇಟಿಗೆ ಹೋಗಿ ಕೂರಲ್ಲ. ಹಳೇ ಮಾದರಿ ಏರ್ ಗನ್‌ನಲ್ಲಿ ಅರ್ಧಕ್ಕಿಂತ ಜಾಸ್ತಿ ಪೇಂಟ್ ಗುರಿ ತಪ್ಪಿ ಗಾಳಿ ಪಾಲು, ಕಡಿಮೆ ಒತ್ತಡದಲ್ಲಿ ಹೊಡೆಯೋ ಒಳ್ಳೇ ಎಚ್‌ವಿಎಲ್‌ಪಿ ಗನ್‌ನಲ್ಲೂ ಮೂರನೇ ಒಂದು ಭಾಗದ ತನಕ ವೇಸ್ಟ್ ಆಗಬಹುದು. ಗ್ರಿಲ್ ಅಂದ್ರೆ ಇನ್ನೂ ಕೇಳ್ಬೇಡಿ, ಅಲ್ಲಿ ಕಬ್ಬಿಣಕ್ಕಿಂತ ಸಂದೇ ಜಾಸ್ತಿ. ಹೀಗೆ ತೇಲಿ ಬಂದ ಹನಿ ದಾರಿಯಲ್ಲೇ ಅರ್ಧಂಬರ್ಧ ಒಣಗಿರುತ್ತೆ, ಕಾರ್ ಮೇಲೆ ಬಿದ್ದಾಗ ಹರಡ್ಕೊಳ್ಳೋಕೆ ಅದರಲ್ಲಿ ದ್ರವ ಉಳಿದಿರಲ್ಲ, ಸಣ್ಣ ಪಾದ ಊರಿ ಗುಂಡಗೆ ಕೂತುಬಿಡುತ್ತೆ. ನಿಮ್ಮ ಕೈಗೆ ಚರಚರ ಅಂದಿದ್ದು ಅದಕ್ಕೇ, ಮತ್ತು ಅದು ಒಳ್ಳೇ ಲಕ್ಷಣ. ತೀರಾ ಹತ್ತಿರದಿಂದ ಬಿದ್ದು ಹಸಿಯಾಗಿ ಹರಡಿದ್ರೆ ಕೈಗೆ ಒರಟು ಸಿಗಲ್ಲ, ಮಂಕು ಪದರದ ತರ ಕಾಣುತ್ತೆ, ಅದನ್ನ ತೆಗೆಯೋದು ಕಷ್ಟ. ಇಡೀ ಕಾರಿನ ಮೇಲೆ ಎರಡೂ ಥರ ಇರಬಹುದು, ಗೋಡೆ ಕಡೆಯ ಡೋರಿನ ಮೇಲೆ ಹಸಿ ಹನಿ, ರೂಫಿನ ಆ ತುದಿಗೆ ಬರೀ ಒಣ ಧೂಳು. ತೆಳು ಪ್ಲಾಸ್ಟಿಕ್ ಕವರನ್ನ ಗ್ಲೌಸ್ ತರ ಕೈಗೆ ಹಾಕ್ಕೊಂಡು ತೊಳೆದ ಮೈಮೇಲೆ ಮೆಲ್ಲಗೆ ಸವರಿ ನೋಡಿ, ಬರೀ ಬೆರಳಿಗೆ ಗೊತ್ತಾಗದೆ ಇರೋ ಚುಕ್ಕಿನೂ ಸಿಗುತ್ತೆ.

ಇದು ಪೇಂಟೇ ಹೌದಾ ಅಂತನೂ ಒಮ್ಮೆ ಖಾತ್ರಿ ಮಾಡ್ಕೊಳ್ಳಿ. ಕಿತ್ತಳೆ ಕಂದು ಚುಕ್ಕಿ ಆದ್ರೆ ಅದು ಕಬ್ಬಿಣದ ಪುಡಿ ಇರಬಹುದು, ಗೇಟಿಗೆ ಪೇಂಟ್ ಹೊಡೆಯೋ ಮುಂಚೆ ಗ್ರೈಂಡರ್ ಹಿಡಿದಿದ್ರೆ ಅದೂ ಬಂದಿರುತ್ತೆ. ಅದಕ್ಕೆ ಐರನ್ ರಿಮೂವರ್ ಅಂತ ಸಿಗುತ್ತೆ, ಹಾಕಿದ್ರೆ ನೇರಳೆ ಬಣ್ಣಕ್ಕೆ ತಿರುಗಿ ಇಳಿದು ಹೋಗುತ್ತೆ. ಆ ಪುಡಿ ಇದ್ರೆ ಅದನ್ನ ಮೊದಲು ತೆಗೀಬೇಕು, ಇಲ್ಲಾಂದ್ರೆ ಮುಂದಿನ ಕೆಲಸದಲ್ಲಿ ಅದೇ ಗೀರು ಹಾಕುತ್ತೆ. ನಿಮ್ದು ಬೂದು ಬಣ್ಣ, ಗೇಟಿಂದೂ ಬೂದು ಬಣ್ಣ ಆದ್ರೆ ಅನುಮಾನ ಬೇಡ.

ಯಾವ ಪೇಂಟು ಅನ್ನೋದಕ್ಕೇ ಡಬ್ಬಿ ಲೇಬಲ್ ಫೋಟೋ ಕೇಳಿದ್ದು. ಗೋಡೆಗೆ ಹೊಡೆಯೋ ನೀರಿನ ಎಮಲ್ಷನ್ ಆದ್ರೆ ಹಸಿ ಇದ್ದಾಗ ಬರೀ ಶಾಂಪೂ ನೀರಿಗೇ ಹೋಗುತ್ತೆ, ಒಣಗಿದ್ಮೇಲೆ ನೀರು ಕೆಲಸ ಮಾಡಲ್ಲ ಆದ್ರೆ ಐಸೊಪ್ರೊಪೈಲ್ ಆಲ್ಕೋಹಾಲ್‌ಗೆ ಮೆತ್ತಗಾಗುತ್ತೆ. ಕಬ್ಬಿಣಕ್ಕೆ ಹೊಡೆಯೋ ಸಾಧಾರಣ ಆಯಿಲ್ ಪೇಂಟು, ಅಂದ್ರೆ ಸಿಂಥೆಟಿಕ್ ಎನಾಮೆಲ್, ಗಾಳಿಯ ಆಮ್ಲಜನಕ ಹೀರ್ಕೊಂಡು ಗಟ್ಟಿಯಾಗೋ ಜಾತಿ, ಮುಟ್ಟಿದ್ರೆ ಕೆಲವು ಗಂಟೇಲಿ ಒಣಗಿದೆ ಅನ್ಸುತ್ತೆ ಆದ್ರೆ ಒಳಗಿಂದ ಪೂರ್ತಿ ಗಟ್ಟಿಯಾಗೋಕೆ ವಾರಗಟ್ಟಲೆ ಹಿಡಿಯುತ್ತೆ. ನಿಮ್ದು ಬಹುಶಃ ಇದೇ, ನಾಲ್ಕು ದಿನ ಅಂದ್ರೆ ಇನ್ನೂ ಕಾಲ ನಮ್ಮ ಕಡೆಗಿದೆ. ಸ್ಪ್ರೇ ಡಬ್ಬಿ ಲ್ಯಾಕರ್, ಎನ್‌ಸಿ (ನೈಟ್ರೋಸೆಲ್ಯುಲೋಸ್) ಪೇಂಟ್ ಇವೆಲ್ಲ ಬರೀ ಥಿನ್ನರ್ ಆವಿಯಾಗಿ ಒಣಗೋ ಜಾತಿ, ಎಷ್ಟು ವರ್ಷ ಆದ್ರೂ ಥಿನ್ನರ್ ಕಂಡ್ರೆ ಕರಗುತ್ತೆ. ಕೊನೇದು ಹಾರ್ಡನರ್ ಬೆರೆಸಿ ಹೊಡೆಯೋ ಟೂ-ಕೆ ಪೇಂಟು, ಪಿಯು (ಪಾಲಿಯುರೆಥೇನ್) ಅಥವಾ ಎಪಾಕ್ಸಿ. ಅದು ಗಟ್ಟಿಯಾದ್ಮೇಲೆ ಯಾವ ದ್ರಾವಣಕ್ಕೂ ಕರಗಲ್ಲ, ಅದನ್ನ ಕರಗಿಸೋ ತಾಕತ್ತಿರೋದು ಕಾರಿನ ಪೇಂಟನ್ನೂ ಬಿಡಲ್ಲ, ಯಾಕಂದ್ರೆ ಎರಡೂ ಒಂದೇ ಜಾತಿ. ಅಲ್ಲಿ ಉಜ್ಜಿ ಕೆರೆದೇ ತೆಗೀಬೇಕು.

ಇನ್ನು ಬಿದ್ದ ಜಾಗ. ಕಂಪನಿ ಪೇಂಟನ್ನ ಫ್ಯಾಕ್ಟರೀಲಿ ಸುಮಾರು 140 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಬೇಯಿಸಿರ್ತಾರೆ, ಅದು ಸಾಕಷ್ಟು ಗಟ್ಟಿ. ಗ್ಯಾರೇಜಲ್ಲಿ ಅಷ್ಟು ಶಾಖ ಕೊಟ್ರೆ ಗಾಡಿಯ ವೈರು ಪ್ಲಾಸ್ಟಿಕ್ ಎಲ್ಲ ಕರಗುತ್ತಲ್ಲ, ಅದಕ್ಕೆ ಅಲ್ಲಿ ಪೇಂಟ್ ಹೊಡೆದು ಒಣಗಿಸೋ ಒಳ್ಳೇ ಬೂತ್ ಇದ್ರೆ 60 ಡಿಗ್ರಿ ಆಸುಪಾಸು, ಇಲ್ಲಾಂದ್ರೆ ಬರೀ ಗಾಳಿಗೆ ಒಣಗಿಸ್ತಾರೆ. ಹಾಗಾಗಿ ನಿಮ್ಮ ಹಿಂದಿನ ಎಡಗಡೆ ಡೋರ್ ಬೇರೇನೇ ಲೆಕ್ಕ, ಬಾನೆಟ್ ತಡ್ಕೊಂಡಿದ್ದನ್ನ ಅದು ತಡ್ಕೊಳ್ಳುತ್ತೆ ಅಂತ ಅಂದ್ಕೋಬೇಡಿ. ಇನ್ನೊಂದು ಅಳತೆ ತಲೇಲಿ ಇಟ್ಕೊಳ್ಳಿ. ಪ್ರಿಂಟರಿಗೆ ಹಾಕೋ ಸಾಧಾರಣ ಬಿಳಿ ಹಾಳೆ ಇದೆಯಲ್ಲ, ಅದರ ದಪ್ಪ ಸುಮಾರು 100 ಮೈಕ್ರಾನ್. ಪ್ರೈಮರ್, ಬಣ್ಣ, ಕ್ಲಿಯರ್ ಕೋಟ್ ಎಲ್ಲ ಸೇರಿ ಕಾರಿನ ಕಂಪನಿ ಪೇಂಟ್ ಅದಕ್ಕಿಂತ ಒಂದು ಚೂರು ದಪ್ಪ ಅಷ್ಟೇ, ಅದರಲ್ಲಿ ಹೊಳಪು ಕೊಡೋ, ಬಿಸಿಲು ತಡೆಯೋ ಕ್ಲಿಯರ್ ಕೋಟ್ 40ರಿಂದ 50 ಮೈಕ್ರಾನ್. ಹಾಳೆಯ ಅರ್ಧ. ಚುಕ್ಕಿ ತೆಗೆಯೋಕೆ ನಮ್ಮ ಹತ್ರ ಇರೋ ಅವಕಾಶ ಅಷ್ಟೇ, ಅದರಲ್ಲೂ ಕೆಲವೇ ಮೈಕ್ರಾನ್ ಮುಟ್ಟಬಹುದು.

ಈಗ ನಿಮಗೆ ಬಂದ ಸಲಹೆಗಳ ವಿಚಾರ. ಪೆಟ್ರೋಲ್ ಬೇಡವೇ ಬೇಡ. ಮೈನಸ್ 40 ಡಿಗ್ರಿ ಚಳೀಲೂ ಹೊತ್ಕೊಳ್ಳೋವಷ್ಟು ಆವಿ ಬಿಡೋ ವಸ್ತು ಅದು, ಬಟ್ಟೇಲಿ ಉಜ್ಜಿದಾಗ ಹುಟ್ಟೋ ಒಂದು ಸ್ಟ್ಯಾಟಿಕ್ ಕಿಡಿ ಸಾಕು, ಇದನ್ನ ನಾನು ಉತ್ಪ್ರೇಕ್ಷೆ ಮಾಡಿ ಹೇಳ್ತಿಲ್ಲ. ಸೀಮೆಎಣ್ಣೆ ಹಚ್ಚಿದ್ರೆ ಹೋಗುತ್ತೆ ಅಂತ ಹೇಳೋರೂ ಸಿಗ್ತಾರೆ, ಅವರು ಸುಳ್ಳು ಹೇಳ್ತಿಲ್ಲ, ಅವರ ಕಣ್ಣಿಗೆ ಹೋಗಿದ್ದು ನಿಜ. ಎಣ್ಣೆ ಪದರ ಚುಕ್ಕಿಗಳ ಮಧ್ಯೆ ತುಂಬ್ಕೊಂಡು ಹೊಳೆಯುತ್ತೆ, ಚುಕ್ಕಿ ಕಾಣಲ್ಲ, ಎರಡು ಸಲ ಶಾಂಪೂ ಹಾಕಿ ತೊಳೆದ್ರೆ ಎಲ್ಲಾ ವಾಪಸ್ ಹಾಜರ್. ಟೂತ್‌ಪೇಸ್ಟು, ಪಾತ್ರೆ ತೊಳೆಯೋ ಸ್ಕ್ರಬ್ಬರು ಇವೆಲ್ಲ ಚುಕ್ಕಿಗಿಂತ ಮುಂಚೆ ಕ್ಲಿಯರ್ ಕೋಟನ್ನ ಗೀರುತ್ತೆ. ಬ್ರೇಕ್ ಆಯಿಲ್ ಅಂತ ಯಾರಾದ್ರೂ ಅಂದ್ರೆ ಅವರ ಹತ್ರ ಕಾರ್ ಬಿಡ್ಬೇಡಿ, ಅದು ಪೇಂಟ್ ಕಿತ್ತು ಹಾಕೋ ವಸ್ತು. ಥಿನ್ನರ್ ವಿಷಯ ಸ್ವಲ್ಪ ಬೇರೆ, ಅದು ಪೂರ್ತಿ ತಪ್ಪು ಅಂತಲ್ಲ, ಕಂಪನಿ ಪೇಂಟ್ ಮೇಲೆ ಬಟ್ಟೇಲಿ ಒಂದು ಸಲ ಬೇಗ ಸವರಿದ್ರೆ ಸಾಮಾನ್ಯವಾಗಿ ಏನೂ ಆಗಲ್ಲ, ಮೆಕ್ಯಾನಿಕ್ ಹೇಳ್ತಿರೋದು ಆ ಅನುಭವದ ಮೇಲೆ. ಆದ್ರೆ ನೆನೆಯೋಕೆ ಬಿಟ್ರೆ, ರೀಪೇಂಟ್ ಆದ ಡೋರಿಗೆ ತಾಗಿದ್ರೆ, ಹೆಡ್‌ಲೈಟ್ ಮೇಲೆ ಸೋರಿದ್ರೆ ಮುಗೀತು.

ಮತ್ತೆ ಕಾಂಪೌಂಡ್ ಹಾಕಿದ್ರೂ ಹೋಗ್ಲಿಲ್ಲ ಅಂದ್ರಲ್ಲ, ಯಾಕೆ ಅಂತ ಹೇಳ್ತೀನಿ. ಬಟ್ಟೆ ಮೆತ್ತಗಿರುತ್ತೆ, ಅದು ಚುಕ್ಕಿ ಮೇಲೆ ಹತ್ತಿ ಇಳಿದು ಸುತ್ತಲಿನ ತಗ್ಗಿಗೂ ತಾಗುತ್ತೆ, ಹಾಗಾಗಿ ಚುಕ್ಕಿ ಎಷ್ಟು ಸವೆಯುತ್ತೋ ಸುತ್ತಲಿನ ಕ್ಲಿಯರ್ ಕೋಟೂ ಅಷ್ಟೇ ಸವೆಯುತ್ತೆ. ಚುಕ್ಕಿ ಹೋಗೋ ಹೊತ್ತಿಗೆ ಅದರ ಸುತ್ತ ಏನು ಉಳಿಯುತ್ತೆ ಹೇಳಿ. ನೀವು ಅಲ್ಲಿಗೇ ನಿಲ್ಲಿಸಿದ್ದು ಒಳ್ಳೇದಾಯ್ತು.

ಇದಕ್ಕೆ ಸರಿಯಾದ ಸಾಧನ ಕ್ಲೇ ಬಾರ್. ಜೇಡಿಮಣ್ಣು ಅಲ್ಲ, ನುಣ್ಣನೆ ಪುಡಿ ಬೆರೆಸಿದ ರಬ್ಬರ್ ಥರದ ಮುದ್ದೆ, ಕಾರ್ ಸಾಮಾನು ಸಿಗೋ ಕಡೆ ಸಿಗುತ್ತೆ. ಬಡಗಿ ಕೀಸುಳಿ ಹಿಡಿದು ಉಬ್ಬನ್ನ ಮಾತ್ರ ಹೆರೆಯೋ ಹಾಗೆ ಇದು ಮೈಮೇಲೆ ಚಪ್ಪಟೆಯಾಗಿ ಜಾರ್ತಾ ಎದ್ದು ನಿಂತಿರೋದನ್ನ ಕಿತ್ಕೊಂಡು ತನ್ನೊಳಗೆ ಹೂತ್ಕೊಳ್ಳುತ್ತೆ. ಯಾವ ಪೇಂಟ್ ಆದ್ರೂ ಪರವಾಗಿಲ್ಲ, ಟೂ-ಕೆ ಒಣ ಚುಕ್ಕಿ ಕೂಡ ಇದಕ್ಕೆ ಬರುತ್ತೆ, ಅದೇ ಇದರ ಗುಣ. ಫೈನ್, ಮೀಡಿಯಂ, ಹೆವಿ ಅಂತ ಬರುತ್ತೆ, ನಿಮ್ಮ ಕಡುನೀಲಿ ಗಾಡಿಗೆ ಫೈನ್‌ನಿಂದ ಶುರು ಮಾಡಿ, ಕಡು ಬಣ್ಣದ ಮೇಲೆ ಪ್ರತಿ ಗೀರೂ ಎದ್ದು ಕಾಣುತ್ತೆ.

ಮಾಡೋ ರೀತಿ ಹೇಳ್ತೀನಿ, ಇಲ್ಲಿ ಅವಸರ ಮಾಡ್ಬೇಡಿ. ನೆರಳಲ್ಲಿ, ಬಾನೆಟ್ ತಣ್ಣಗಿರುವಾಗ, ಶಾಂಪೂ ಹಾಕಿ ಚೆನ್ನಾಗಿ ತೊಳೀರಿ, ಮರಳು ಮಣ್ಣು ಒಂದು ಕಣವೂ ಉಳೀಬಾರದು. ಕ್ಲೇ ಮುದ್ದೆಯನ್ನ ಉಗುರುಬೆಚ್ಚಗಿನ ನೀರಲ್ಲಿ ಸ್ವಲ್ಪ ಹೊತ್ತು ಇಟ್ಟು ಒಂದು ತುಂಡು ಕಿತ್ತು ಅಂಗೈಯಲ್ಲಿ ಒತ್ತಿ ಬಿಲ್ಲೆ ಮಾಡಿ, ಮೂರು ಬೆರಳಿನ ಅಗಲ ಸಾಕು. ಸ್ಪ್ರೇ ಬಾಟಲಿಯಲ್ಲಿ ಕ್ಲೇ ಲೂಬ್ರಿಕೆಂಟ್, ಅದಿಲ್ಲಾಂದ್ರೆ ಒಂದು ಲೀಟರ್ ನೀರಿಗೆ ಕೆಲವು ಹನಿ ಕಾರ್ ಶಾಂಪೂ. ಒಂದೂವರೆ ಅಡಿ ಚೌಕದಷ್ಟು ಜಾಗ ತಗೊಂಡು ಧಾರಾಳವಾಗಿ ತೋಯಿಸಿ, ಬಿಲ್ಲೆಯನ್ನ ಹಿಂದಕ್ಕೆ ಮುಂದಕ್ಕೆ ನೇರವಾಗಿ ಜಾರಿಸಿ, ದುಂಡಗೆ ತಿರುಗಿಸ್ಬೇಡಿ, ಒತ್ತಬೇಡಿ, ಅದರ ಭಾರದಷ್ಟೇ ಸಾಕು. ಮೊದಲು ಕೈಗೆ ತಡೆ ತಡೆದು ಹೋಗೋದು ಗೊತ್ತಾಗುತ್ತೆ, ಕಿವಿಗೂ ಸಣ್ಣಗೆ ಕರಕರ ಕೇಳ್ಸುತ್ತೆ, ಎಂಟು ಹತ್ತು ಸಲ ಆದ್ಮೇಲೆ ಸದ್ದು ನಿಂತು ಸರಾಗ ಜಾರೋಕೆ ಶುರು ಆಗುತ್ತೆ, ಅಂದ್ರೆ ಆ ಜಾಗ ಆಯ್ತು. ಬಿಲ್ಲೆ ತಿರುಗಿಸಿ ನೋಡಿದ್ರೆ ಬೂದು ಚುಕ್ಕಿ ಎಲ್ಲಾ ಅದರಲ್ಲಿ ಕೂತಿರುತ್ತೆ. ಮಡಚಿ ನಾದಿ ಹೊಸ ಮುಖ ಮಾಡ್ಕೊಂಡು ಮುಂದಿನ ಜಾಗಕ್ಕೆ ಹೋಗಿ. ಕೈ ಜಾರಿ ನೆಲಕ್ಕೆ ಬಿದ್ರೆ ಆ ತುಂಡನ್ನ ಕಸಕ್ಕೆ ಹಾಕಿ, ತೊಳೆದು ಬಳಸ್ತೀನಿ ಅನ್ನಬೇಡಿ, ಅದರೊಳಗೆ ಹೊಕ್ಕ ಒಂದು ಮರಳಿನ ಕಣ ಇಡೀ ಬಾನೆಟ್ ಮೇಲೆ ಗೆರೆ ಎಳೆಯುತ್ತೆ. ಅದಕ್ಕೇ ತುಂಡು ತುಂಡು ಮಾಡಿ ಬಳಸೋದು.

ರೂಫ್, ಬಾನೆಟ್, ಡೋರ್ ಇಷ್ಟಕ್ಕೆ ಒಂದು ಇಡೀ ದಿನ ಹಿಡಿದ್ರೆ ಆಶ್ಚರ್ಯ ಇಲ್ಲ. ಮಧ್ಯದಲ್ಲಿ ಬೇಜಾರಾಗಿ ಒತ್ತಿ ಉಜ್ಜೋಕೆ ಶುರು ಮಾಡ್ತೀವಿ, ಆಗ ಬಿಟ್ಟು ನಾಳೆಗೆ ಇಡಿ.

ಕ್ಲೇ ಮಾಡಿದ್ಮೇಲೂ ಅಲ್ಲಲ್ಲಿ ಹಸಿಯಾಗಿ ಕೂತ ಹನಿ ಉಳಿಯುತ್ತೆ, ಗೋಡೆ ಕಡೆ ಮುಖ ಮಾಡಿದ್ದ ಮುಂದಿನ ಡೋರಲ್ಲಿ ಖಂಡಿತ. ಅಲ್ಲಿಗೆ ಮಾತ್ರ ದ್ರಾವಣ, ಅದೂ ಸೌಮ್ಯದಿಂದ ಶುರು. ಮೊದಲು ಸಮ ಪಾಲು ನೀರು ಬೆರೆಸಿದ ಐಸೊಪ್ರೊಪೈಲ್ ಆಲ್ಕೋಹಾಲ್, ಆಮೇಲೆ ಕಾರಿಗಂತಲೇ ಬರೋ ಟಾರ್ ರಿಮೂವರ್ ಅಥವಾ ಮಿನರಲ್ ಟರ್ಪೆಂಟೈನ್, ನಿಮ್ದು ನಾಲ್ಕು ದಿನದ ಎನಾಮೆಲ್ ಆದ್ರಿಂದ ಟರ್ಪೆಂಟೈನಿಗೆ ಇನ್ನೂ ಬಗ್ಗೋ ಸಾಧ್ಯತೆ ಇದೆ, ತಿಂಗಳು ಕಳೆದ್ರೆ ಬಗ್ಗಲ್ಲ. ಪ್ರತಿಯೊಂದನ್ನೂ ಮೊದಲು ಡೋರ್ ತೆಗೆದ್ರೆ ಒಳಗೆ ಕಾಣೋ ಅಂಚಲ್ಲಿ ಪರೀಕ್ಷೆ ಮಾಡಿ. ಬಿಳಿ ಬಟ್ಟೆಗೆ ದ್ರಾವಣ ಹಾಕಿ ಐದಾರು ಸಲ ಸವರಿ, ಬಟ್ಟೆಗೆ ನೀಲಿ ಬಂತು ಅಥವಾ ಆ ಜಾಗ ಅಂಟಂಟಾಯ್ತು ಅಂದ್ರೆ ಅಲ್ಲಿಗೇ ನಿಲ್ಲಿಸಿ. ದ್ರಾವಣವನ್ನ ಯಾವತ್ತೂ ನೇರ ಮೈಮೇಲೆ ಸುರೀಬೇಡಿ, ಬಟ್ಟೆಗೆ ಹಾಕಿ, ಚುಕ್ಕಿ ಮೇಲೆ ಕೆಲವು ಸೆಕೆಂಡ್ ಒತ್ತಿ ಹಿಡಿದು ಸವರಿ, ಕೂಡ್ಲೇ ಶಾಂಪೂ ನೀರಲ್ಲಿ ಒರೆಸಿ. ಥಿನ್ನರ್ ಅನ್ನೋದು ಮನೇಲಿ ಮಾಡೋರ ಕೈಗೆ ಬೇಡ ಅನ್ನೋದೇ ನನ್ನ ಅಭಿಪ್ರಾಯ, ಎಷ್ಟೇ ಜನ ಏನೇ ಹೇಳ್ಲಿ.

ಆ ಹಿಂದಿನ ಡೋರಿಗೆ ಫೈನ್ ಕ್ಲೇ ಮಾತ್ರ. ಪೇಂಟ್ ಆಗಿ ವರ್ಷ ಆಗಿರೋದ್ರಿಂದ ಕ್ಲೇ ತಡ್ಕೊಳ್ಳುತ್ತೆ. ಆದ್ರೆ ಗ್ಯಾರೇಜಲ್ಲಿ ಹಾರ್ಡನರ್ ಹಾಕಿ ಹೊಡೆದಿದಾರೋ ಇಲ್ವೋ ನಮಗೆ ಗೊತ್ತಿಲ್ಲ, ದ್ರಾವಣ ಹಾಕಲೇಬೇಕು ಅಂದ್ರೆ ಪರೀಕ್ಷೆಯನ್ನ ಅದೇ ಡೋರಿನ ಅಂಚಲ್ಲಿ ಪ್ರತ್ಯೇಕವಾಗಿ ಮಾಡಿ, ಬೇರೆ ಕಡೆ ಪಾಸಾಯ್ತು ಅಂತ ಇಲ್ಲಿ ನಂಬಬೇಡಿ.

ಈಗ ಕಪ್ಪು ಪ್ಲಾಸ್ಟಿಕ್ ಕ್ಲಾಡಿಂಗ್, ಎಲ್ಲರಿಗೂ ತಲೆನೋವು ಕೊಡೋ ಭಾಗ. ವಿಚಿತ್ರ ಏನಂದ್ರೆ ಈ ಪ್ಲಾಸ್ಟಿಕ್ಕಿಗೆ ಪೇಂಟ್ ಸರಿಯಾಗಿ ಅಂಟೋದೇ ಇಲ್ಲ. ಬಹುತೇಕ ಪಾಲಿಪ್ರೊಪಿಲೀನ್ ಜಾತಿ, ಬಂಪರಿಗೆ ಪೇಂಟ್ ಹೊಡೆಯೋ ಮುಂಚೆ ಪ್ಲಾಸ್ಟಿಕ್ ಪ್ರೈಮರ್ ಹಾಕೋದೇ ಅದಕ್ಕೆ. ಆದ್ರೆ ಅದರ ಮೈ ಸಣ್ಣ ಸಣ್ಣ ಗುಳಿ ಇರೋ ಒರಟು ಮೈ, ಹನಿ ಆ ಗುಳಿಯೊಳಗೆ ಹೋಗಿ ಸಿಕ್ಕಾಕ್ಕೊಂಡಿರುತ್ತೆ. ಕ್ಲೇ ಇಲ್ಲಿ ಕೆಲಸಕ್ಕೆ ಬಾರದು, ಗುಳಿಯೊಳಗೆ ಇಳಿಯಲ್ಲ, ತಾನೇ ಚೂರು ಚೂರಾಗಿ ಅಲ್ಲೇ ಅಂಟ್ಕೊಳ್ಳುತ್ತೆ. ಬೇಕಿರೋದು ಆಲ್ ಪರ್ಪಸ್ ಕ್ಲೀನರ್, ಮೆತ್ತನೆ ಕೂದಲಿನ ಬ್ರಶ್ಶು, ಮತ್ತೆ ತಾಳ್ಮೆ. ಕ್ಲೀನರ್ ಹಾಕಿ ಒಂದೆರಡು ನಿಮಿಷ ಬಿಟ್ಟು, ಒಣಗೋಕೆ ಬಿಡದೆ, ಬ್ರಶ್ಶನ್ನ ಎಲ್ಲಾ ದಿಕ್ಕಿಗೂ ಆಡಿಸಿ ತೊಳೀರಿ. ಉಳಿದಿದ್ದಕ್ಕೆ ಟಾರ್ ರಿಮೂವರ್‌ನ ಬ್ರಶ್ ತುದಿಗೆ ಹಾಕಿ ಅದೇ ರೀತಿ, ಮರೆ ಜಾಗದಲ್ಲಿ ನೋಡ್ಕೊಂಡು. ಸ್ಟೀಮ್ ಕ್ಲೀನರ್ ಸಿಕ್ಕಿದ್ರೆ ಇನ್ನೂ ಸುಲಭ, ಹಬೆಗೆ ಹನಿ ಮೆತ್ತಗಾಗಿ ಬ್ರಶ್ಶಿಗೆ ಬರುತ್ತೆ. ಮ್ಯಾಜಿಕ್ ಸ್ಪಾಂಜ್ ಅಂತ ಬಿಳಿ ಮೆಲಮೈನ್ ಫೋಮ್ ಮಾರ್ತಾರಲ್ಲ, ಅದು ನಿಜಕ್ಕೂ ನುಣ್ಣನೆ ಮರಳು ಕಾಗದವೇ, ಒರಟು ಪ್ಲಾಸ್ಟಿಕ್ ಮೇಲೆ ಹಗುರವಾಗಿ ಒಂದೆರಡು ಸಲ ಓಕೆ, ಹೊಳಪಿನ ಪಿಯಾನೋ ಬ್ಲ್ಯಾಕ್ ಭಾಗಕ್ಕೆ ತಾಗಿಸಲೇಬೇಡಿ.

ನಿಮ್ದು ಬೆಳ್ಳಗಾಗಿದೆ ಅಂದ್ರಲ್ಲ, ಹೆದರ್ಬೇಡಿ, ಅದು ಹೆಚ್ಚಾಗಿ ಗುಳಿಯಲ್ಲಿ ಒಣಗಿ ಕೂತ ಕಾಂಪೌಂಡ್ ಪುಡಿ. ಇದೇ ಕ್ಲೀನರ್ ಬ್ರಶ್ಶಿಗೆ ಬಹುಪಾಲು ಹೋಗುತ್ತೆ. ಎಲ್ಲಾ ಶುದ್ಧ ಆಗಿ ಒಣಗಿದ್ಮೇಲೂ ಮಂಕಾಗಿ ಉಳಿದ್ರೆ ಪ್ಲಾಸ್ಟಿಕ್ಕಿಗೆ ಕಪ್ಪು ಹೊಳಪು ಕೊಡೋ ಟ್ರಿಮ್ ಡ್ರೆಸಿಂಗ್ ಹಚ್ಚಿ. ಹೀಟ್ ಗನ್ ಹಿಡಿದ್ರೆ ಕಪ್ಪು ವಾಪಸ್ ಬರುತ್ತೆ ಅಂತ ವೀಡಿಯೋ ನೋಡಿರ್ತೀರ, ಬರುತ್ತೆ, ಸ್ವಲ್ಪ ದಿನಕ್ಕೆ ಮತ್ತೆ ಮಂಕಾಗುತ್ತೆ, ಕೈ ಒಂದು ಕ್ಷಣ ನಿಂತ್ರೆ ಪ್ಲಾಸ್ಟಿಕ್ಕೇ ಸೊಟ್ಟಗಾಗುತ್ತೆ.

ಹೆಡ್‌ಲೈಟ್ ಗ್ಲಾಸ್ ಅಂತೀವಿ, ಗ್ಲಾಸಲ್ಲ, ಪಾಲಿಕಾರ್ಬೊನೇಟ್, ಮೇಲೆ ಬಿಸಿಲು ತಡೆಯೋ ತೆಳು ಗಟ್ಟಿ ಕೋಟಿಂಗ್. ಥಿನ್ನರ್ ಅಸಿಟೋನ್ ತಾಗಿದ್ರೆ ಒಳಗೆ ಕೂದಲೆಳೆ ಬಿರುಕು ಬಂದು ಹಾಲು ಹಾಲಾಗುತ್ತೆ, ಅದಕ್ಕೆ ರಿಪೇರಿ ಇಲ್ಲ, ಲೈಟೇ ಬದಲಾಯಿಸ್ಬೇಕು. ಫೈನ್ ಕ್ಲೇ, ಜಾಸ್ತಿ ಲೂಬ್ರಿಕೆಂಟ್, ಅಷ್ಟೇ. ನಂಬರ್ ಪ್ಲೇಟ್ ಹತ್ರದ ಕ್ಯಾಮೆರಾ ಲೆನ್ಸ್, ಪಾರ್ಕಿಂಗ್ ಸೆನ್ಸರ್ ಇವಕ್ಕೂ ಅದೇ.

ನಿಜವಾದ ಗ್ಲಾಸು ಎಲ್ಲಕ್ಕಿಂತ ಸುಲಭ. ಮುಂದಿನ ಗ್ಲಾಸನ್ನ ಶಾಂಪೂ ನೀರಲ್ಲಿ ತೋಯಿಸಿ, ಹೊಸ ರೇಜರ್ ಬ್ಲೇಡನ್ನ ಹಿಡಿಕೆಗೆ ಹಾಕಿ, ಓರೆಯಾಗಿ ಹಿಡಿದು, ಮುಂದಕ್ಕೆ ಮಾತ್ರ ತಳ್ಳಿ, ವಾಪಸ್ ಎಳೀಬೇಡಿ, ಎಳೆದ್ರೆ ಬ್ಲೇಡ್ ಕೆಳಗೆ ಸಿಕ್ಕ ಕಣವೇ ಗೀರುತ್ತೆ. ಪಕ್ಕದ ಕಿಟಕಿ ಗ್ಲಾಸು ಟಫನ್ಡ್, ಅದರ ಮೈಮೇಲೆ ತಯಾರಿಕೆಯಲ್ಲೇ ಸಣ್ಣ ಕಣ ಉಳಿದಿದ್ರೆ ಬ್ಲೇಡಿಗೆ ಕಿತ್ಕೊಂಡು ಗೆರೆ ಬೀಳೋ ಸಂಭವ ಇದೆ, ಅಲ್ಲಿ ಕ್ಲೇ ಮೊದಲು, ಬ್ಲೇಡ್ ಕೊನೆಗೆ. ವೈಪರ್ ರಬ್ಬರ್ ಮೇಲೆ ಚುಕ್ಕಿ ಇದ್ರೆ ತೊಳೀತಾ ಕೂರ್ಬೇಡಿ, ಹೊಸದು ಹಾಕ್ಸಿ, ಮತ್ತೆ ಗ್ಲಾಸ್ ಶುದ್ಧ ಆಗೋ ತನಕ ವೈಪರ್ ಓಡಿಸ್ಬೇಡಿ. ಬೀಡಿಂಗ್ ರಬ್ಬರಿಗೆ ಟರ್ಪೆಂಟೈನ್ ಬೇಡ, ರಬ್ಬರ್ ಉಬ್ಬಿ ಸಡಿಲ ಆಗುತ್ತೆ. ಬ್ರಶ್ಶು, ಶಾಂಪೂ, ಹೆಚ್ಚಂದ್ರೆ ಆಲ್ಕೋಹಾಲ್ ತೋಯಿಸಿದ ಬಟ್ಟೆ. ರಬ್ಬರನ್ನ ಸ್ವಲ್ಪ ಬಗ್ಗಿಸಿ ಹಿಡಿದ್ರೆ ಒಣಗಿದ ಎನಾಮೆಲ್ ಬಿರುಕು ಬಿಟ್ಟು ಉದುರುತ್ತೆ, ಉಗುರಲ್ಲೇ ಬರುತ್ತೆ.

ಎಲ್ಲಾ ಆದ್ಮೇಲೆ ಬಿಸಿಲಲ್ಲಿ ನೋಡಿದ್ರೆ ಮೈಮೇಲೆ ಮಂಜು ಮಂಜಾಗಿ ಸಣ್ಣ ಗೆರೆ ಕಾಣ್ಬಹುದು, ಕಡು ಬಣ್ಣದ ಮೇಲೆ ಕ್ಲೇ ಅದನ್ನ ಬಿಟ್ಟೇ ಬಿಡುತ್ತೆ. ಗಾಬರಿ ಬೇಡ, ಫಿನಿಶಿಂಗ್ ಪಾಲಿಷ್ ಒಂದು ಕೈ ಕೊಟ್ರೆ ಹೋಗುತ್ತೆ, ಮಷೀನ್ ಇದ್ರೆ ಮೆತ್ತನೆ ಪ್ಯಾಡಲ್ಲಿ ಡ್ಯುಯಲ್ ಆಕ್ಷನ್ ಮಷೀನ್, ಸುತ್ತೋ ರೋಟರಿ ಹೊಸಬರಿಗೆ ಬೇಡ, ಅಂಚಲ್ಲಿ ಪೇಂಟ್ ಸುಟ್ಟು ಹೋಗುತ್ತೆ. ಹಳೇ ವ್ಯಾಕ್ಸು ಕೋಟಿಂಗು ಏನಿತ್ತೋ ಅದೂ ಇಷ್ಟು ಹೊತ್ತಿಗೆ ಹೋಗಿರುತ್ತೆ, ಹೊಸದಾಗಿ ಹಚ್ಚಲೇಬೇಕು.

ಇಷ್ಟಾದ್ರೂ ಮುಂದಿನ ಡೋರಲ್ಲಿ ಒಂದಷ್ಟು ಉಳೀತು ಅನ್ನಿ, ಆಗ ಡೀಟೇಲಿಂಗ್, ಅಂದ್ರೆ ಕಾರಿನ ಮೈ ಶುದ್ಧ ಮಾಡಿ ಪಾಲಿಷ್ ಹೊಡೆಯೋ ಕೆಲಸ, ಮಾಡೋರ ಹತ್ರ ಹೋಗಿ. ಅವರು 2000, 3000 ನಂಬರ್ ನೀರು ಕಾಗದದಲ್ಲಿ (ನೀರು ಹಾಕಿ ಉಜ್ಜೋ ನುಣ್ಣನೆ ಮರಳು ಕಾಗದ) ಆ ಜಾಗವಷ್ಟೇ ಉಜ್ಜಿ ಕಾಂಪೌಂಡ್ ಹೊಡೆದು ಹೊಳಪು ತರ್ತಾರೆ. ಒಂದೇ ಒಂದು ಪ್ರಶ್ನೆ ಕೇಳಿ, ನಿಮ್ಮ ಹತ್ರ ಪೇಂಟ್ ದಪ್ಪ ಅಳೆಯೋ ಮೀಟರ್ ಇದೆಯಾ, ಉಜ್ಜೋ ಮುಂಚೆ ನನಗೆ ರೀಡಿಂಗ್ ತೋರಿಸ್ತೀರಾ ಅಂತ. ಮುಖ ತಿರುಗಿಸಿದ್ರೆ ನೀವೂ ಗಾಡಿ ತಿರುಗಿಸಿ. ಆ ಮೀಟರ್ ಹಿಂದಿನ ಡೋರಲ್ಲಿ ಪುಟ್ಟಿ ಎಷ್ಟಿದೆ ಅಂತನೂ ಹೇಳಿಬಿಡುತ್ತೆ, ಅದು ಬೋನಸ್ಸು.

ರೀಪೇಂಟ್ ಹೇಳಿದ ಶಾಪ್‌ನವರು ಮೋಸ ಮಾಡ್ತಿದಾರೆ ಅಂತ ನಾನು ಹೇಳಲ್ಲ, ಅವರ ಕೈಯಲ್ಲಿ ಇರೋದು ಗನ್ನು, ಹಾಗಾಗಿ ಅವರಿಗೆ ತೋಚೋದೂ ಅದೇ. ಆದ್ರೆ ಬೇಯಿಸಿದ ಕಂಪನಿ ಪೇಂಟ್ ಒಮ್ಮೆ ಉಜ್ಜಿ ತೆಗೆದ್ರೆ ಮತ್ತೆ ಅಂಥದ್ದು ಬರಲ್ಲ, ಮಾರೋವಾಗ ರೂಫ್ ಪೇಂಟ್ ಆಗಿದೆ ಅಂದ್ರೆ ಪಲ್ಟಿ ಹೊಡೆದ ಗಾಡಿನಾ ಅಂತ ಕೇಳ್ತಾರೆ. ಹಸಿಯಾಗಿ ಹರಡಿದ ಟೂ-ಕೆ ಪೇಂಟು ಇಡೀ ಪ್ಯಾನೆಲ್ ತುಂಬ ಇದ್ರೆ, ಇಲ್ಲಾ ಯಾರೋ ಥಿನ್ನರ್ ಹಾಕಿ ಕ್ಲಿಯರ್ ಕೋಟ್ ತಿಂದುಬಿಟ್ಟಿದ್ರೆ ಆಗ ರೀಪೇಂಟ್, ಅದೂ ಆ ಪ್ಯಾನೆಲ್ ಮಾತ್ರ.

ಖರ್ಚಿನ ವಿಚಾರವಾಗಿ, ಪಕ್ಕದವರ ಜೊತೆ ಜಗಳಕ್ಕೆ ಹೋಗೋ ಮುಂಚೆ ಕರೆದು ಕೈ ಆಡಿಸಿ ನೋಡಿ ಅನ್ನಿ, ಕಣ್ಣಿಗೆ ಕಾಣದ್ದು ಕೈಗೆ ಗೊತ್ತಾದ್ರೆ ಹೆಚ್ಚಿನವರು ಒಪ್ತಾರೆ. ಪೇಂಟಿಂಗ್ ಕಾಂಟ್ರಾಕ್ಟರ್‌ಗೆ ಇನ್ಶೂರೆನ್ಸ್ ಇದೆಯಾ ಕೇಳಿ, ಇದ್ರೆ ಅವರ ಕಡೆಯವರು ಬಂದು ನೋಡೋ ತನಕ ದ್ರಾವಣ ಏನೂ ಮುಟ್ಟಿಸ್ಬೇಡಿ, ಶಾಂಪೂ ತೊಳೆತ ಸಾಕು. ಡೀಟೇಲಿಂಗ್‌ನವರ ಅಂದಾಜು ಬರೆಸ್ಕೊಳ್ಳಿ, ರೀಪೇಂಟ್ ಅಂದಾಜು ತೋರಿಸಿದ್ರೆ ಯಾರಾದ್ರೂ ಹಿಂದೆ ಸರೀತಾರೆ.

ಕೆಲಸ ಮಾಡೋವಾಗ ನೈಟ್ರೈಲ್ ಗ್ಲೌಸ್ ಹಾಕಿ, ಬಾಗಿಲು ಮುಚ್ಚಿದ ಗ್ಯಾರೇಜಲ್ಲಿ ಬೇಡ, ಹತ್ತಿರ ಬೀಡಿ ಸಿಗರೇಟು ಯಾವುದೂ ಬೇಡ. ಎನಾಮೆಲ್ ಟರ್ಪೆಂಟೈನ್ ಒರೆಸಿದ ಬಟ್ಟೆಗಳನ್ನ ಮುದ್ದೆ ಮಾಡಿ ಮೂಲೆಗೆ ಎಸೀಬೇಡಿ, ಎನಾಮೆಲ್‌ನಲ್ಲಿರೋ ಎಣ್ಣೆ ಗಾಳಿ ಹೀರ್ಕೊಂಡು ಒಣಗ್ತಾ ತಾನಾಗೇ ಬಿಸಿಯಾಗಿ ಹೊತ್ಕೊಳ್ಳೋ ಸಾಧ್ಯತೆ ಇದೆ. ಹೊರಗಡೆ ಒಂದೊಂದನ್ನೂ ಬಿಡಿಸಿ ಹರವಿ ಒಣಗಿಸಿ, ಗರಿಗರಿ ಆದ್ಮೇಲೆ ಬಿಸಾಕಿ.